ನಿಮ್ಮ ಬೈನರಿಗೆ ಬೀಗ ಬಿದ್ದಿದೆಯಾ? ರಿಸ್ಕ್-ವಿ, ಮಿಪ್ಸ್ ಬೋರ್ಡುಗಳಲ್ಲಿ ಕಂಪೈಲರ್ ಹಾರ್ಡನಿಂಗ್ ನೋಡಿಕೊಳ್ಳುವುದು ಹೇಗೆ

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸಕ್ಕಿದ್ದ ಕಡೆ ಒಂದು ಸಣ್ಣ ಗೇಟ್‌ವೇ ಡಬ್ಬಿ ಮಾಡುತ್ತಿದ್ದೆವು. ಮೊದಲು ಅದು ಎಕ್ಸ್86 ಚಿಪ್ಪಿನ ಮೇಲೆ ಓಡುತ್ತಿತ್ತು. ಆಮೇಲೆ ಖರ್ಚು ಇಳಿಸೋಣ ಅಂತ ರಿಸ್ಕ್-ವಿ ಬೋರ್ಡಿಗೆ ಹೋದೆವು. ಬಿಲ್ಡ್ ಸ್ಕ್ರಿಪ್ಟಿನಲ್ಲಿ ಒಂದು ಉದ್ದನೆಯ ಸಾಲಿತ್ತು, ಸೆಕ್ಯುರಿಟಿ ಫ್ಲ್ಯಾಗ್‌ಗಳೆಲ್ಲ (ಕಂಪೈಲರಿಗೆ ಹೀಗೀಗೆ ಮಾಡು ಅಂತ ಕೊಡುವ ಆಯ್ಕೆಗಳು) ಅದರಲ್ಲೇ. ಹೊಸ ಕಂಪೈಲರ್ ಆ ಸಾಲಿನ ಒಂದೇ ಒಂದು ಫ್ಲ್ಯಾಗ್ ನೋಡಿ, ಇದು ಈ ಟಾರ್ಗೆಟ್‌ನಲ್ಲಿ ಇಲ್ಲ ಅಂತ ಎರರ್ ಕೊಟ್ಟು ಕೂತಿತು. ಸಂಜೆ ಡೆಮೊ. ಪಕ್ಕದವನು ಇಡೀ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ ಅದನ್ನು ಸುಮ್ಮನಾಗಿಸಿದ, ಬಿಲ್ಡ್ ಹಸಿರಾಯಿತು. ಆ ಬದಲಾವಣೆಯನ್ನು ನೋಡಿ ಸರಿ ಅಂತ ಒತ್ತಿದವನು ನಾನು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು, ಆದರೆ ಮೂಗು ಹೋಗಿದ್ದು ಗೊತ್ತಾಗಲು ಐದಾರು ತಿಂಗಳು ಬೇಕಾಯಿತು.

ಡಬ್ಬಿ ಚೆನ್ನಾಗಿಯೇ ಓಡುತ್ತಿತ್ತಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಹಾರ್ಡನಿಂಗ್, ಅಂದರೆ ಒಡೆಯುವುದು ಕಷ್ಟವಾಗಲಿ ಅಂತ ಕಂಪೈಲರ್ ಸೇರಿಸುವ ರಕ್ಷಣೆ, ಇಲ್ಲದ ಪ್ರೋಗ್ರಾಂ ಅದು ಇರುವುದರಷ್ಟೇ ಚೆನ್ನಾಗಿ ಓಡುತ್ತದೆ, ಯಾರಾದರೂ ಒಡೆಯಲು ಬರುವವರೆಗೆ.

ಹಾಗಾಗಿ ಈ ಬರಹ. ಎಕ್ಸ್86 ಮೇಲೆ ನಾವು ಪುಕ್ಕಟೆ ಅಂದುಕೊಂಡಿರುವ ರಕ್ಷಣೆಗಳು ರಿಸ್ಕ್-ವಿ, ಮಿಪ್ಸ್, ಲೂಂಗ್‌ಆರ್ಚ್, ಆಲ್ಫಾ ಥರದ ಬೇರೆ ಜಾತಿಯ ಚಿಪ್ಪುಗಳ ಕಡೆ ಎಷ್ಟು ಬರುತ್ತವೆ, ಎಷ್ಟು ಬರಲ್ಲ, ಅದನ್ನು ನೀವೇ ನೋಡಿಕೊಳ್ಳುವುದು ಹೇಗೆ ಅಂತ. ಜಿಸಿಸಿ ಕಂಪೈಲರ್ ಮತ್ತು ಲಿನಕ್ಸ್ ಇಟ್ಟುಕೊಂಡೇ ಹೇಳುತ್ತೇನೆ, ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಅಲ್ಲಲ್ಲಿ ಬರುತ್ತದೆ. ಕಮಾಂಡ್, ಫ್ಲ್ಯಾಗ್ ಎಲ್ಲವನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಡೀಫಾಲ್ಟ್ ಅಂದರೆ ಯಾರ ಡೀಫಾಲ್ಟ್?

ಎಲ್ಲರೂ ಎಡವುವುದು ಇಲ್ಲೇ. "ಜಿಸಿಸಿ ಡೀಫಾಲ್ಟಾಗಿ ಸ್ಟ್ಯಾಕ್ ಪ್ರೊಟೆಕ್ಟರ್ ಹಾಕುತ್ತೆ ಅಲ್ವಾ?" ಅಂತ ಕೇಳುತ್ತಾರೆ. ಯಾವ ಜಿಸಿಸಿ ಅಂತ ತಿರುಗಿಸಿ ಕೇಳಬೇಕು.

ಮೂಲ ಜಿಸಿಸಿಯನ್ನು ಹಾಗೇ ಬಿಲ್ಡ್ ಮಾಡಿದರೆ ಅದು ಏನನ್ನೂ ಹಾಕಲ್ಲ. 2016ರಲ್ಲಿ ಬಂದ ಜಿಸಿಸಿ 6ರಿಂದ ಕಂಪೈಲರನ್ನು ಕಟ್ಟುವಾಗಲೇ ಎನೇಬಲ್-ಡೀಫಾಲ್ಟ್-ಪೈ, ಎನೇಬಲ್-ಡೀಫಾಲ್ಟ್-ಎಸ್‌ಎಸ್‌ಪಿ ಅಂತ ಎರಡು ಆಯ್ಕೆ ಕೊಡಬಹುದು. ಪೈ ಅಂದರೆ ಪ್ರೋಗ್ರಾಮನ್ನು ಪ್ರತಿ ಸಲ ಬೇರೆ ಬೇರೆ ವಿಳಾಸಕ್ಕೆ ಇಳಿಸಲು ಬರುವ ಹಾಗೆ ಕಟ್ಟುವುದು, ಎಸ್‌ಎಸ್‌ಪಿ ಅಂದರೆ ಸ್ಟ್ಯಾಕ್ ಪ್ರೊಟೆಕ್ಟರ್, ಸ್ಟ್ಯಾಕ್ ಕೆಟ್ಟಿದೆಯಾ ಅಂತ ನೋಡುವ ಕಾವಲು. ಕೊಟ್ಟರೆ ಆ ಕಂಪೈಲರಿನಿಂದ ಹೊರಬರುವ ಎಲ್ಲದಕ್ಕೂ ಅವು ಸೇರುತ್ತವೆ, ಕೊಡದಿದ್ದರೆ ಇಲ್ಲ. ಉಬುಂಟು ಈ ವಿಷಯದಲ್ಲಿ ಧಾರಾಳಿ, ತನ್ನ ಕಂಪೈಲರಿನೊಳಗೇ ಜಾಸ್ತಿ ರಕ್ಷಣೆಗಳನ್ನು ಕೂಡಿಸಿಟ್ಟಿದೆ. ಡೆಬಿಯನ್ ಹಾಗಲ್ಲ. ಅದರ ಕಂಪೈಲರಿನೊಳಗೆ ಇರುವುದು ಪೈ ಒಂದೇ, ಅದೂ ಒಂದು ಪಟ್ಟಿಯಲ್ಲಿರುವ ಆರ್ಕಿಟೆಕ್ಚರ್‌ಗಳಿಗೆ. ಉಳಿದದ್ದೆಲ್ಲ ಪ್ಯಾಕೇಜ್ ಕಟ್ಟುವಾಗ ಡಿಪಿಕೆಜಿ-ಬಿಲ್ಡ್‌ಫ್ಲ್ಯಾಗ್ಸ್ ಅನ್ನುವ ಟೂಲ್‌ನಿಂದ ಬರುತ್ತದೆ. ಅಂದರೆ ಡೆಬಿಯನ್ ಮೇಲೆ ಕೂತು ನೀವೇ ಕೈಯಾರೆ ಒಂದು ಸಿ ಫೈಲ್ ಕಂಪೈಲ್ ಮಾಡಿದರೆ ಅದಕ್ಕೆ ಸ್ಟ್ಯಾಕ್ ಪ್ರೊಟೆಕ್ಟರ್ ಇರಲ್ಲ. ಅದೇ ಮಷೀನಿನ ಡೆಬಿಯನ್ ಪ್ಯಾಕೇಜುಗಳಿಗೆ ಇರುತ್ತದೆ. ಫೆಡೋರಾದಲ್ಲೂ ಹೆಚ್ಚು ಕಡಿಮೆ ಇದೇ ಕಥೆ, ಆರ್‌ಪಿಎಂ ಕಟ್ಟುವ ದಾರಿಯಲ್ಲಿ ಹೋದರೆ ಮಾತ್ರ ಎಲ್ಲ ಸಿಗುತ್ತದೆ.

ಇನ್ನು ಬೋರ್ಡ್ ಮಾರುವವರು ಎಸ್‌ಡಿಕೆ ಜೊತೆ ಕೊಡುವ ಟೂಲ್‌ಚೈನ್. ಅದನ್ನು ಯಾರು, ಯಾವತ್ತು, ಯಾವ ಆಯ್ಕೆ ಕೊಟ್ಟು ಕಟ್ಟಿದರೋ ದೇವರೇ ಬಲ್ಲ. ಕಡಿಮೆ ಜನ ಬಳಸುವ ಚಿಪ್ಪುಗಳಲ್ಲಿ ನಮ್ಮ ಕೈಗೆ ಬರುವುದು ಬಹುಪಾಲು ಇದೇ.

ಮೊದಲ ಕೆಲಸ: ಕಂಪೈಲರನ್ನು ಮಾತಾಡಿಸಿ

ನಿಮ್ಮ ಕ್ರಾಸ್ ಕಂಪೈಲರಿಗೆ (ಲ್ಯಾಪ್‌ಟಾಪಿನ ಮೇಲೆ ಓಡಿ ಬೋರ್ಡಿಗೆ ಬೈನರಿ ಕಟ್ಟಿಕೊಡುವುದು) -ವಿ ಅಂತ ಮಾತ್ರ ಕೊಟ್ಟು ಓಡಿಸಿ. ತನ್ನನ್ನು ಕಟ್ಟಿದಾಗಿನ ಇಡೀ ಕಾನ್ಫಿಗರ್ ಸಾಲನ್ನು ಒಪ್ಪಿಸುತ್ತದೆ. ಆ ಗಜಿಬಿಜಿಯಲ್ಲಿ ಡೀಫಾಲ್ಟ್-ಪೈ, ಡೀಫಾಲ್ಟ್-ಎಸ್‌ಎಸ್‌ಪಿ ಇದೆಯಾ ಹುಡುಕಿ. ಇಲ್ಲ ಅಂದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಇನ್ನೂ ಗಟ್ಟಿ ದಾರಿ ಮ್ಯಾಕ್ರೋಗಳನ್ನು ನೋಡುವುದು. ಖಾಲಿ ಇನ್‌ಪುಟ್ ಕೊಟ್ಟು -ಒ2 -ಡಿಎಂ -ಇ (ಡಿ ಮಾತ್ರ ಸಣ್ಣಕ್ಷರ, ಉಳಿದವು ದೊಡ್ಡಕ್ಷರ) ಅಂತ ಓಡಿಸಿದರೆ ಕಂಪೈಲರ್ ತನ್ನೊಳಗೇ ಡಿಫೈನ್ ಮಾಡಿಕೊಂಡ ಮ್ಯಾಕ್ರೋಗಳೆಲ್ಲ ಉದುರುತ್ತವೆ. ಅದರಲ್ಲಿ ಎಸ್‌ಎಸ್‌ಪಿ ಅಂತ ಗ್ರೆಪ್ ಮಾಡಿ. ಎಸ್‌ಎಸ್‌ಪಿ_ಸ್ಟ್ರಾಂಗ್ 3 ಅಂತ ಬಂದರೆ ಸ್ಟ್ರಾಂಗ್ ಸ್ಟ್ಯಾಕ್ ಪ್ರೊಟೆಕ್ಟರ್ ಆನ್ ಇದೆ, ಬರೀ ಎಸ್‌ಎಸ್‌ಪಿ 1 ಅಂದರೆ ಹಳೇ ದುರ್ಬಲ ರೂಪ, ಏನೂ ಬರದಿದ್ದರೆ ಇಲ್ಲ. ಪೈ ಅಂತ ಹುಡುಕಿ 2 ಬಂದರೆ ಅದು ಆನ್. ಫೋರ್ಟಿಫೈ_ಸೋರ್ಸ್ ಕೂಡ ನೋಡಿ, ಮೆಮ್‌ಸೆಟ್ ಥರದ ಲೈಬ್ರರಿ ಫಂಕ್ಷನ್‌ಗಳು ಬಫರ್ ಮೀರಿ ಬರೆಯದ ಹಾಗೆ ಕಾಯುವುದು ಅದು. -ಒ2 ಕೊಡದೆ ನೋಡಿದರೆ ಉಬುಂಟುವಿನಲ್ಲೂ ಫೋರ್ಟಿಫೈ ಕಾಣಲ್ಲ, ಯಾಕೆಂದರೆ ಆಪ್ಟಿಮೈಸೇಶನ್ ಇಲ್ಲದೆ ಅದು ಕೆಲಸವೇ ಮಾಡಲ್ಲ. ಡೀಬಗ್ ಬಿಲ್ಡಿನಲ್ಲಿ ಫೋರ್ಟಿಫೈ ಪರೀಕ್ಷೆ ಮಾಡಿ ಇಲ್ಲ ಇಲ್ಲ ಅಂತ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಜಿಸಿಸಿ 14 ಅಥವಾ ಮುಂದಿನದು ನಿಮ್ಮ ಹತ್ತಿರ ಇದ್ದರೆ ಕೆಲಸ ಸಲೀಸು. 2024ರಲ್ಲಿ ಬಂದ ಆ ಆವೃತ್ತಿಯಲ್ಲಿ -ಎಫ್‌ಹಾರ್ಡನ್ಡ್ ಅಂತ ಒಂದೇ ಫ್ಲ್ಯಾಗ್ ಇದೆ. ಫೋರ್ಟಿಫೈ, ಸ್ಟ್ಯಾಕ್ ಪ್ರೊಟೆಕ್ಟರ್, ಸ್ಟ್ಯಾಕ್ ಕ್ಲ್ಯಾಶ್, ಪೈ, ರೆಲ್ರೋ (ಲೈಬ್ರರಿ ವಿಳಾಸಗಳ ಪಟ್ಟಿಯನ್ನು ಆಮೇಲೆ ಯಾರೂ ತಿದ್ದದ ಹಾಗೆ ಮುಚ್ಚುವುದು), ಲೋಕಲ್ ವೇರಿಯೇಬಲ್‌ಗಳಿಗೆ ಸೊನ್ನೆ ತುಂಬುವುದು, ಎಲ್ಲ ಒಟ್ಟಿಗೆ ಬರುತ್ತವೆ. ನಮ್ಮ ಕಥೆಗೆ ಮುಖ್ಯವಾದ ಮಾತು ಏನೆಂದರೆ, ಎಕ್ಸ್86ಗೆ ಮಾತ್ರ ಇರುವ ಫ್ಲ್ಯಾಗನ್ನು ಬೇರೆ ಕಡೆ ಅದು ತಾನೇ ಬಿಟ್ಟುಬಿಡುತ್ತದೆ. ನಮ್ಮ ಡಬ್ಬಿಯ ಕಾಲಕ್ಕೆ ಇದು ಇದ್ದಿದ್ದರೆ ಆ ಹ್ಯಾಶ್ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಎರಡು ಅಡ್ಡಗೆರೆ ಹಾಕಿ ಹೆಲ್ಪ್=ಹಾರ್ಡನ್ಡ್ ಅಂತ ಕೇಳಿದರೆ ನಿಮ್ಮ ಟಾರ್ಗೆಟ್‌ನಲ್ಲಿ ಏನೇನು ಹಾಕುತ್ತದೆ ಅಂತ ಪಟ್ಟಿ ಕೊಡುತ್ತದೆ. ಅದನ್ನು ಎಕ್ಸ್86 ಕಂಪೈಲರಿನ ಪಟ್ಟಿಯ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಫ್ಲ್ಯಾಗ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ

ಹಳೇ ಕಂಪೈಲರ್ ಆದರೆ ಒಟ್ಟಿಗೆ ಸುರಿಯಬೇಡಿ. ಒಂದು ಪುಟ್ಟ ಪ್ರೋಗ್ರಾಂ ಇಟ್ಟುಕೊಂಡು ಒಂದೊಂದೇ ಫ್ಲ್ಯಾಗ್ ಕೊಟ್ಟು ಕಂಪೈಲ್ ಮತ್ತು ಲಿಂಕ್ ಎರಡನ್ನೂ ಮಾಡಿ. ಬರೀ ಕಂಪೈಲ್ ಸಾಲದು, ಕಂಪೈಲ್ ಆಗಿ ಲಿಂಕ್ ಹೊತ್ತಿಗೆ ಲೈಬ್ರರಿಯಲ್ಲಿ ಬೇಕಾದ ಫಂಕ್ಷನ್ ಇಲ್ಲ ಅಂತ ಬೀಳುವುದೂ ಉಂಟು. ಜೊತೆಗೆ -ಡಬ್ಲ್ಯೂಎರರ್ ಕಡ್ಡಾಯ.

ಯಾಕೆ ಕಡ್ಡಾಯ ಅಂದರೆ, ಬೆಂಬಲ ಇಲ್ಲದ ಫ್ಲ್ಯಾಗಿಗೆ ಕಂಪೈಲರ್ ಪ್ರತಿಕ್ರಿಯಿಸುವ ರೀತಿ ಒಂದೇ ಥರ ಇಲ್ಲ. ಸಿಎಫ್-ಪ್ರೊಟೆಕ್ಷನ್ (ಪ್ರೋಗ್ರಾಂ ತಪ್ಪು ಜಾಗಕ್ಕೆ ಹಾರದ ಹಾಗೆ ಕಾಯುವ ಫ್ಲ್ಯಾಗ್) ಬೆಂಬಲ ಇಲ್ಲದ ಟಾರ್ಗೆಟ್‌ನಲ್ಲಿ ಅದನ್ನು ಕೊಟ್ಟರೆ ಜಿಸಿಸಿ ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೇದು, ಕನಿಷ್ಠ ಗೊತ್ತಾಗುತ್ತದೆ. ಆಲ್ಫಾ, ಎಚ್‌ಪಿಪಿಎ (ಎಚ್‌ಪಿಯ ಹಳೇ ಚಿಪ್), ಐಎ64 (ಇಂಟೆಲ್ ಇಟಾನಿಯಂ) ಟಾರ್ಗೆಟ್‌ಗಳಲ್ಲಿ ಸ್ಟ್ಯಾಕ್ ಪ್ರೊಟೆಕ್ಟರ್ ಕೊಟ್ಟರೆ ಬರೀ ಒಂದು ವಾರ್ನಿಂಗ್. ಈ ಟಾರ್ಗೆಟ್‌ಗೆ ಬೆಂಬಲ ಇಲ್ಲ ಅಂತ ಒಂದು ಸಾಲು ಉಗುಳಿ, ಫ್ಲ್ಯಾಗನ್ನು ತೆಗೆದುಹಾಕಿ, ಕೆಲಸ ಮುಂದುವರಿಸುತ್ತದೆ. ಎಂಟು ಕೋರ್ ಹಚ್ಚಿ ಬಿಲ್ಡ್ ಓಡಿಸುವಾಗ ಆ ಒಂದು ಸಾಲು ಜಾತ್ರೆಯಲ್ಲಿ ಕಳೆದ ಮಗುವಿನ ಹಾಗೆ. ಕ್ಲ್ಯಾಂಗ್ ಆದರೆ ಇಂಥಾ ಕಡೆ "ಈ ಆರ್ಗ್ಯುಮೆಂಟ್ ಬಳಕೆಯಾಗಲಿಲ್ಲ" ಅಂತ ಮೆಲ್ಲಗೆ ಹೇಳಿ ಮುಂದೆ ಹೋಗುತ್ತದೆ. ಲಿಂಕರ್ ಕೂಡ ಹಾಗೇ, ಗೊತ್ತಿಲ್ಲದ -ಜೆಡ್ ಪದ ಕಂಡರೆ ಕಡೆಗಣಿಸಿದೆ ಅಂತ ವಾರ್ನಿಂಗ್ ಕೊಡುತ್ತದೆ ಅಷ್ಟೇ. ಲಿಂಕರಿಗೆ ಫೇಟಲ್-ವಾರ್ನಿಂಗ್ಸ್ ಕೂಡ ಕೊಡಿ.

ಪರೀಕ್ಷೆಯಲ್ಲಿ ಬಿದ್ದ ಫ್ಲ್ಯಾಗನ್ನು ಮಾತ್ರ ತೆಗೆಯಿರಿ. ತೆಗೆದದ್ದರ ಪಕ್ಕ ಯಾವ ಆರ್ಕಿಟೆಕ್ಚರ್, ಯಾವ ಕಂಪೈಲರ್ ಆವೃತ್ತಿ ಅಂತ ಒಂದು ಕಾಮೆಂಟ್ ಬರೆಯಿರಿ, ಮುಂದಿನ ಆವೃತ್ತಿ ಬಂದಾಗ ಯಾರಾದರೂ ಮತ್ತೆ ಹಾಕಿ ನೋಡಬಹುದು.

ಯಾವುದು ಎಲ್ಲಿ ಕೈ ಕೊಡುತ್ತದೆ

ಸ್ಟ್ಯಾಕ್ ಪ್ರೊಟೆಕ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಫಂಕ್ಷನ್ ಒಳಗೆ ಬಂದಾಗ ಸ್ಟ್ಯಾಕಿನಲ್ಲಿ ಒಂದು ಗುಟ್ಟಿನ ಸಂಖ್ಯೆ ಇಟ್ಟು, ಹೊರಗೆ ಹೋಗುವಾಗ ಅದು ಹಾಗೇ ಇದೆಯಾ ಅಂತ ನೋಡುವುದು ಇದರ ಕೆಲಸ. ಬಫರ್ ಉಕ್ಕಿ ಹರಿದರೆ ರಿಟರ್ನ್ ವಿಳಾಸ (ಫಂಕ್ಷನ್ ಮುಗಿದಮೇಲೆ ಎಲ್ಲಿಗೆ ಮರಳಬೇಕು ಅನ್ನುವುದು) ತಲುಪುವ ಮೊದಲು ಈ ಸಂಖ್ಯೆಯನ್ನು ತುಳಿದೇ ಹೋಗಬೇಕು ಅನ್ನುವುದು ಲೆಕ್ಕ. ಸ್ಟ್ರಾಂಗ್ ರೂಪ 2014ರ ಜಿಸಿಸಿ 4.9ರಲ್ಲಿ ಬಂತು, ಈಗ ಎಲ್ಲರೂ ಹಾಕುವುದು ಅದನ್ನೇ.

ಆದರೆ ಈ ಲೆಕ್ಕ ನಿಂತಿರುವುದು ಸ್ಟ್ಯಾಕ್ ಫ್ರೇಮಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದರ ಮೇಲೆ. ಎಚ್‌ಪಿಪಿಎಯಲ್ಲಿ ಸ್ಟ್ಯಾಕ್ ಮೇಲ್ಮುಖವಾಗಿ ಬೆಳೆಯುತ್ತದೆ, ಅಲ್ಲಿ ಇಡೀ ಉಪಾಯವೇ ತಲೆಕೆಳಗು. ಆಲ್ಫಾ, ಐಎ64ರಲ್ಲಿ ಜಿಸಿಸಿ ಫ್ರೇಮಿನೊಳಗೆ ಲೋಕಲ್ ವೇರಿಯೇಬಲ್‌ಗಳನ್ನು ಜೋಡಿಸುವ ದಿಕ್ಕು ಬೇರೆ, ಹಾಗಾಗಿ ಅಲ್ಲೂ ಇಲ್ಲ. ಡೆಬಿಯನ್ನಿನ ಡಿಪಿಕೆಜಿ ಇವಕ್ಕೆ ಸ್ಟ್ಯಾಕ್ ಪ್ರೊಟೆಕ್ಟರನ್ನು ತಾನೇ ಆಫ್ ಮಾಡಿಟ್ಟಿದೆ, ನಿಯಾಸ್2 ಅನ್ನುವ ಚಿಪ್ಪಿಗೂ ಅಷ್ಟೇ.

ಬೆಂಬಲ ಇದೆ ಅಂದ ಕಡೆಯೂ ಎಲ್ಲ ಸಮ ಅಂದುಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಸಿವಿಇ-2023-4039 ಅಂತ ಒಂದು ದೋಷ ಹೊರಬಂತು, ಮೆಟಾ ಕಂಪನಿಯ ಒಂದು ಸೆಕ್ಯುರಿಟಿ ತಂಡ ಹಿಡಿದದ್ದು. ಎಆರ್ಚ್64ರಲ್ಲಿ, ಅಂದರೆ 64 ಬಿಟ್ ಆರ್ಮ್‌ನಲ್ಲಿ, ಜಿಸಿಸಿ ರಿಟರ್ನ್ ವಿಳಾಸವನ್ನು ಫ್ರೇಮಿನ ತಳದಲ್ಲಿ, ಲೋಕಲ್ ವೇರಿಯೇಬಲ್‌ಗಳಿಗಿಂತ ಕೆಳಗೆ ಇಡುತ್ತಿತ್ತು. ಕಾವಲು ಸಂಖ್ಯೆ ಇದ್ದದ್ದು ಮೇಲೆ. ಆದರೆ ಅಲೋಕಾದಿಂದ (ಕೇಳಿದಷ್ಟು ಜಾಗವನ್ನು ಸ್ಟ್ಯಾಕಿನಲ್ಲೇ ಕೊಡುವ ಫಂಕ್ಷನ್) ಬಂದ ಬಫರುಗಳು, ರನ್ ಆಗುವಾಗ ಗಾತ್ರ ತೀರ್ಮಾನವಾಗುವ ಅರೇಗಳು ರಿಟರ್ನ್ ವಿಳಾಸಕ್ಕಿಂತಲೂ ಕೆಳಗೆ ಬರುತ್ತಿದ್ದವು. ಅವು ಉಕ್ಕಿದರೆ ಮೊದಲು ಸಿಗುವುದೇ ರಿಟರ್ನ್ ವಿಳಾಸ, ಕಾವಲುಗಾರ ಹಿತ್ತಿಲಲ್ಲಿ ನಿಂತಿದ್ದಾನೆ, ಕಳ್ಳ ಮುಂಬಾಗಿಲಿಂದ ನಡೆದುಹೋದ. ಕೋಟಿಗಟ್ಟಲೆ ಸಾಧನಗಳಲ್ಲಿರುವ ಎಆರ್ಚ್64ರಲ್ಲೇ ಇದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅದರ ನೂರನೇ ಒಂದು ಪಾಲು ಜನವೂ ನೋಡದ ಟಾರ್ಗೆಟ್‌ಗಳಲ್ಲಿ ಏನೇನು ಕೂತಿದೆಯೋ ಅನ್ನುವುದು ನನ್ನ ಸಂಶಯ.

ಸ್ಟ್ಯಾಕ್ ಕ್ಲ್ಯಾಶ್ ಇನ್ನೊಂದು. ಕ್ವಾಲಿಸ್ ಸಂಸ್ಥೆ 2017ರ ಜೂನ್‌ನಲ್ಲಿ ಈ ದಾಳಿಯನ್ನು ತೋರಿಸಿತು. ಒಂದು ಫಂಕ್ಷನ್ ಒಂದೇ ಏಟಿಗೆ ದೊಡ್ಡ ಜಾಗ ಕೇಳಿದರೆ ಸ್ಟ್ಯಾಕ್ ಪಾಯಿಂಟರ್ ಕಾವಲಿನ ಗಾರ್ಡ್ ಪೇಜನ್ನು ಜಿಗಿದು ಆಚೆ ಇಳಿಯಬಹುದು. ಪರಿಹಾರವಾಗಿ ಜಿಸಿಸಿ 8ರಲ್ಲಿ -ಎಫ್‌ಸ್ಟ್ಯಾಕ್-ಕ್ಲ್ಯಾಶ್-ಪ್ರೊಟೆಕ್ಷನ್ ಬಂತು, ಜಾಗವನ್ನು ಪೇಜ್ ಪೇಜಾಗಿ ಮುಟ್ಟುತ್ತಾ ಹೋಗುವುದು. ಎಕ್ಸ್86, ಎಆರ್ಚ್64, ಪವರ್, ಎಸ್390ರಲ್ಲಿ ಪೂರ್ತಿ ಇದೆ. ಉಳಿದ ಬಹುಪಾಲು ಕಡೆ ಫ್ಲ್ಯಾಗ್ ಒಪ್ಪಿಕೊಳ್ಳುತ್ತದೆ, ವಾರ್ನಿಂಗ್ ಕೂಡ ಇಲ್ಲ, ಆದರೆ ಅಲೋಕಾ ಥರದ ಜಾಗಕ್ಕೆ ಮಾತ್ರ ಪೂರ್ತಿ ರಕ್ಷಣೆ. ಇದನ್ನು ಜಿಸಿಸಿ ಕೈಪಿಡಿಯೇ ಒಪ್ಪಿಕೊಂಡಿದೆ. -ಡಬ್ಲ್ಯೂಎರರ್ ಪರೀಕ್ಷೆಯೂ ಇಲ್ಲಿ ಸೋಲುತ್ತದೆ! ಅಸೆಂಬ್ಲಿ ನೋಡುವುದೊಂದೇ ದಾರಿ: 64 ಕಿಲೋಬೈಟಿನ ಲೋಕಲ್ ಅರೇ ಇರುವ ಒಂದು ಫಂಕ್ಷನ್ ಬರೆದು ದೊಡ್ಡಕ್ಷರದ -ಎಸ್ ಕೊಟ್ಟು ಅಸೆಂಬ್ಲಿ ತೆಗೆಯಿರಿ. ಸ್ಟ್ಯಾಕ್ ಪಾಯಿಂಟರಿನಿಂದ ಒಂದೇ ಸಲ 65,536 ಕಳೆದು ಸುಮ್ಮನಾದರೆ ರಕ್ಷಣೆ ಇಲ್ಲ. ಸ್ವಲ್ಪ ಸ್ವಲ್ಪ ಇಳಿದು ಪ್ರತಿ ಸಲ ಒಂದು ಸ್ಟೋರ್ ಮಾಡಿದರೆ ಇದೆ. ಎರಡೇ ನಿಮಿಷದ ಕೆಲಸ.

ಕಂಟ್ರೋಲ್ ಫ್ಲೋ ಕಾಪಾಡುವ ಫ್ಲ್ಯಾಗ್‌ಗಳಿಗೆ ಚಿಪ್ಪಿನ ಬೆಂಬಲವೇ ಬೇಕು. ಎಕ್ಸ್86ಗೆ ಸಿಎಫ್-ಪ್ರೊಟೆಕ್ಷನ್, ಎಆರ್ಚ್64ಗೆ ಬ್ರ್ಯಾಂಚ್-ಪ್ರೊಟೆಕ್ಷನ್=ಸ್ಟ್ಯಾಂಡರ್ಡ್, ಹೆಸರೇ ಬೇರೆ ಬೇರೆ. ರಿಸ್ಕ್-ವಿಗೆ ಜಿಕ್‌ಫಿಲ್ಪ್, ಜಿಕ್‌ಫಿಸ್ ಅನ್ನುವ ಎರಡು ವಿಸ್ತರಣೆಗಳು 2024ರಲ್ಲಿ ಅಂತಿಮವಾದವು. ಮೊದಲನೆಯದರ ಎಲ್‌ಪ್ಯಾಡ್ ಸೂಚನೆಯನ್ನು ಜಾಣತನದಿಂದ ಆರಿಸಿದ್ದಾರೆ, ಹಳೇ ಚಿಪ್ಪುಗಳಿಗೆ ಅದು ಏನೂ ಮಾಡದ ಸೂಚನೆಯಾಗಿ ಕಾಣುತ್ತದೆ. ಎರಡನೆಯದರ ಶ್ಯಾಡೋ ಸ್ಟ್ಯಾಕ್ (ರಿಟರ್ನ್ ವಿಳಾಸದ ಇನ್ನೊಂದು ಪ್ರತಿ ಇಡುವ ಜಾಗ) ಸೂಚನೆಗಳು ಹಾಗಲ್ಲ, ಜಿಮಾಪ್ ವಿಸ್ತರಣೆಯೂ ಇಲ್ಲದ ಹಳೇ ಕೋರಿನಲ್ಲಿ ಅವು ಬಂದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ನಿಮ್ಮ ಬೋರ್ಡಿನ ಡೇಟಾಶೀಟ್‌ನಲ್ಲಿ ಈ ಹೆಸರುಗಳು ಇಲ್ಲದಿದ್ದರೆ ಆ ಕಡೆ ಹೋಗಬೇಡಿ.

ಪೈ ಬಗ್ಗೆ ಹೆಚ್ಚು ಹೇಳಲ್ಲ. ನಿಧಾನವಾಗುತ್ತದೆ ಅನ್ನುವ ಹಳೇ ಹೆದರಿಕೆ 32 ಬಿಟ್ ಎಕ್ಸ್86 ಕಾಲದ್ದು, ಅಲ್ಲಿ ರಿಜಿಸ್ಟರುಗಳಿಗೇ ಬರ ಇತ್ತು. ರಿಸ್ಕ್-ವಿಯಲ್ಲಿ ಪ್ರೋಗ್ರಾಂ ಕೌಂಟರ್ (ಪಿಸಿ) ಆಧರಿಸಿ ವಿಳಾಸ ಕಟ್ಟುವ ಸೂಚನೆ ಇರುವುದರಿಂದ ಆ ಭಯ ಬೇಡ. ಕಡಿಮೆ ಜನ ಬಳಸುವ ಚಿಪ್ಪು ಅಂದರೆ ಇದೆಲ್ಲ ಆಗದ ಕೆಲಸ ಅನ್ನುವವರಿಗೆ ಓಪನ್‌ಬಿಎಸ್‌ಡಿ ಅನ್ನುವ ಓಎಸ್ ತೋರಿಸಿ. 2013ರ 5.3 ಆವೃತ್ತಿಯಲ್ಲೇ ಅವರು ಆಲ್ಫಾ, ಎಚ್‌ಪಿಪಿಎ, ಸ್ಪಾರ್ಕ್64 ಎಲ್ಲದಕ್ಕೂ ಪೈ ಡೀಫಾಲ್ಟ್ ಮಾಡಿದ್ದರು, ಜನಪ್ರಿಯವಾಗಿದ್ದ ಐ386 ಆ ಪಟ್ಟಿಗೆ ಸೇರಿದ್ದು ಆಮೇಲೆ. ಡೆಬಿಯನ್ ಪಟ್ಟಿಯಲ್ಲಿ ಇವತ್ತಿಗೂ ಆಲ್ಫಾ, ಎಚ್‌ಪಿಪಿಎ ಇಲ್ಲ, ರಿಸ್ಕ್-ವಿ 64 ಇದೆ.

ಫೋರ್ಟಿಫೈ ಮಾತ್ರ ಚಿಪ್ಪಿನ ಹಂಗಿಲ್ಲದ ರಕ್ಷಣೆ. ಅದು ಸಿ ಲೈಬ್ರರಿಯ ಕೆಲಸ, ಯಾವ ಪ್ರೊಸೆಸರ್ ಆದರೂ ಜಿಲಿಬ್‌ಸಿ (ಲಿನಕ್ಸಿನ ಮಾಮೂಲಿ ಸಿ ಲೈಬ್ರರಿ) ಇದ್ದರೆ ಸಿಗುತ್ತದೆ, 3ನೇ ಮಟ್ಟ ಬೇಕಾದರೆ ಹೊಸ ಜಿಲಿಬ್‌ಸಿ ಮತ್ತು ಜಿಸಿಸಿ 12 ಬೇಕು. ಮಸಲ್ ಅನ್ನುವ ಪುಟ್ಟ ಸಿ ಲೈಬ್ರರಿಯಲ್ಲಿ ಅದು ಒಳಗೇ ಇಲ್ಲ, ಫೋರ್ಟಿಫೈ-ಹೆಡರ್ಸ್ ಅಂತ ಬೇರೆಯೇ ಸೇರಿಸಬೇಕು.

ಮಿಪ್ಸ್‌ನ ಹಳೇ ರೋಗ

ಮನೆಯ ಹಳೇ ವೈಫೈ ರೂಟರುಗಳಲ್ಲಿ ಮಿಪ್ಸ್ ಚಿಪ್ ಇರುವುದು ತೀರಾ ಸಾಮಾನ್ಯ, ಹಾಗಾಗಿ ಇದನ್ನು ಬಿಡುವ ಹಾಗಿಲ್ಲ. ಸ್ಟ್ಯಾಕಿನಲ್ಲಿರುವ ಡೇಟಾವನ್ನು ಕೋಡ್ ಥರ ಓಡಿಸಲು ಬಿಡಬಾರದು, ಇದು ಎಲ್ಲರಿಗೂ ಗೊತ್ತು. ಮಿಪ್ಸ್ ಲಿನಕ್ಸಿನಲ್ಲಿ ಬಹಳ ಕಾಲ ಬಿಡಲೇಬೇಕಿತ್ತು. ಕಾರಣ ವಿಚಿತ್ರ. ಫ್ಲೋಟಿಂಗ್ ಪಾಯಿಂಟ್ ಹಾರ್ಡ್‌ವೇರ್ ಇಲ್ಲದ ಕಡೆ ಕರ್ನಲ್ ಆ ಸೂಚನೆಗಳನ್ನು ತಾನೇ ನಟಿಸಿ ತೋರಿಸುತ್ತದೆ. ಮಿಪ್ಸ್‌ನಲ್ಲಿ ಬ್ರ್ಯಾಂಚ್ ಆದಮೇಲಿನ ಒಂದು ಸೂಚನೆಯೂ ಓಡಬೇಕು ಅನ್ನುವ ನಿಯಮ ಇದೆ. ಆ ಒಂದು ಸೂಚನೆಯನ್ನು ಎಲ್ಲಿಟ್ಟು ಓಡಿಸುವುದು? ಪ್ರೋಗ್ರಾಮಿನ ಸ್ಟ್ಯಾಕಿನ ಮೇಲೇ ಬರೆದು ಓಡಿಸುತ್ತಿದ್ದರು. 2016ರ ಲಿನಕ್ಸ್ 4.8ರಲ್ಲಿ ಇದಕ್ಕೆಂದೇ ಬೇರೆ ಪೇಜ್ ಕೊಟ್ಟಮೇಲೆ ಆ ಕಟ್ಟುಪಾಡು ಹೋಯಿತು. ಆದರೆ ಅದಕ್ಕಿಂತ ಹಳೇ ಕರ್ನಲ್ ಇಟ್ಟುಕೊಂಡೇ ಬರುವ ಎಸ್‌ಡಿಕೆಗಳು ಇವೆ. ಅವುಗಳ ಮೇಲೆ ನಾನ್-ಎಕ್ಸಿಕ್ಯೂಟಬಲ್ ಸ್ಟ್ಯಾಕ್ ಬಲವಂತವಾಗಿ ಹಾಕಿದರೆ ಫ್ಲೋಟ್ ಲೆಕ್ಕ ಮಾಡುವ ಪ್ರೋಗ್ರಾಂ ಎಲ್ಲೋ ಒಂದು ಕಡೆ ಕಾರಣವೇ ತಿಳಿಯದೆ ಸಾಯುತ್ತದೆ. ಅದಕ್ಕೂ ಹಳೇ ಕೋರುಗಳಲ್ಲಿ ಪೇಜ್ ಟೇಬಲ್‌ನಲ್ಲಿ ಓಡಿಸಬೇಡ ಅನ್ನುವ ಬಿಟ್ಟೇ ಇಲ್ಲ, ಅಲ್ಲಿ ನೀವು ಫ್ಲ್ಯಾಗ್ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸ್ಟ್ಯಾಕ್ ಪ್ರೊಟೆಕ್ಟರ್, ಪೈ ಅಂಥಾ ಕಡೆ ಇನ್ನೂ ಜಾಸ್ತಿ ಮುಖ್ಯವಾಗುತ್ತವೆ.

ಬೈನರಿಯನ್ನೇ ಕೇಳಿ

ಇದು ಇಡೀ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡ ಮಾತು. ಸ್ಕ್ರಿಪ್ಟಿನಲ್ಲಿ ಏನು ಬರೆದಿದೆ ಬಿಡಿ, ಕೊನೆಗೆ ಬೋರ್ಡಿಗೆ ಹೋಗುವ ಫೈಲಿನಲ್ಲಿ ಏನಿದೆ ನೋಡಿ. ಖುಷಿಯ ವಿಷಯ ಏನೆಂದರೆ ರೀಡೆಲ್ಫ್ ಅನ್ನುವ ಟೂಲ್ ಯಾವ ಪ್ರೊಸೆಸರಿನ ಇಎಲ್‌ಎಫ್ ಫೈಲನ್ನಾದರೂ (ಲಿನಕ್ಸ್ ಬೈನರಿಯ ರೂಪ) ಓದುತ್ತದೆ, ನಿಮ್ಮ ಎಕ್ಸ್86 ಲ್ಯಾಪ್‌ಟಾಪಿನಲ್ಲಿರುವುದೇ ಸಾಕು.

ರೀಡೆಲ್ಫ್ -ಎಚ್ ಕೊಟ್ಟರೆ ಟೈಪ್ ಅನ್ನುವ ಸಾಲು ಬರುತ್ತದೆ. ಡಿವೈಎನ್ ಅಂದರೆ ಪೈ, ಎಕ್ಸೆಕ್ ಅಂದರೆ ಇಲ್ಲ. ಎಲ್ಲೋ ಒಂದು ಮೇಕ್‌ಫೈಲಿನ ಮೂಲೆಯಲ್ಲಿ ನೋ-ಪೈ ಅಂತ ಯಾರೋ ಹಿಂದೆಂದೋ ಸೇರಿಸಿದ್ದು ಇಲ್ಲೇ ಸಿಕ್ಕಿಬೀಳುತ್ತದೆ.

ರೀಡೆಲ್ಫ್ -ಎಲ್ ಕೊಟ್ಟರೆ ಸೆಗ್ಮೆಂಟುಗಳು. ಜಿಎನ್‌ಯು_ಸ್ಟ್ಯಾಕ್ ಸಾಲಿನ ಕೊನೆಯಲ್ಲಿ ಆರ್‌ಡಬ್ಲ್ಯೂ ಇದ್ದರೆ ಸರಿ. ಆರ್‌ಡಬ್ಲ್ಯೂಇ ಇದ್ದರೆ, ಆ ಕೊನೆಯ ಇ ನಿಮ್ಮ ಸ್ಟ್ಯಾಕ್ ಓಡಿಸಬಲ್ಲದ್ದು ಅನ್ನುತ್ತಿದೆ. ಆ ಸಾಲೇ ಇಲ್ಲದಿದ್ದರೆ ಕರ್ನಲ್ ಆ ಆರ್ಕಿಟೆಕ್ಚರಿನ ಡೀಫಾಲ್ಟ್ ಹಿಡಿಯುತ್ತದೆ, ಅದು ಒಳ್ಳೆಯದೇ ಇರುತ್ತದೆ ಅಂತ ನಂಬಬೇಡಿ. ಇ ಬರಲು ಮಾಮೂಲಿ ಕಾರಣ ಕೈಯಲ್ಲಿ ಬರೆದ ಒಂದು ಅಸೆಂಬ್ಲಿ ಫೈಲ್. ಸಿ ಫೈಲಿಗೆ ಕಂಪೈಲರ್ ತಾನೇ ನೋಟ್ ಜಿಎನ್‌ಯು-ಸ್ಟ್ಯಾಕ್ ಅನ್ನುವ ಖಾಲಿ ಸೆಕ್ಷನ್ ಸೇರಿಸುತ್ತದೆ, ಅಸೆಂಬ್ಲಿಯಲ್ಲಿ ನೀವೇ ಬರೆಯಬೇಕು. ನೂರು ಫೈಲಿನಲ್ಲಿ ಒಂದು ಫೈಲ್ ಮರೆತರೂ ಇಡೀ ಬೈನರಿ ಕೆಡಬಹುದು. 2022ರ ಬಿನ್‌ಯುಟಿಲ್ಸ್ 2.39ರಿಂದ ಲಿಂಕರ್ ಇದಕ್ಕೆ ವಾರ್ನಿಂಗ್ ಕೊಡುತ್ತದೆ, ಫೈಲಿನ ಹೆಸರು ಸಮೇತ.

ಅದೇ ಪಟ್ಟಿಯಲ್ಲಿ ಜಿಎನ್‌ಯು_ರೆಲ್ರೋ ಇರಬೇಕು. ಇದ್ದರೆ ಅರ್ಧ ರೆಲ್ರೋ. ಪೂರ್ತಿ ಇದೆಯಾ ತಿಳಿಯಲು ರೀಡೆಲ್ಫ್ -ಡಿ ಕೊಟ್ಟು ಬೈಂಡ್_ನೌ ಅಥವಾ ನೌ ಹುಡುಕಿ.

ಇನ್ನು ಸ್ಟ್ಯಾಕ್ ಪ್ರೊಟೆಕ್ಟರ್. ರೀಡೆಲ್ಫ್‌ಗೆ ಸಣ್ಣಕ್ಷರದ -ಎಸ್ ಕೊಟ್ಟು ಸ್ಟ್ಯಾಕ್_ಸಿಎಚ್‌ಕೆ_ಫೇಲ್ ಅನ್ನುವ ಸಿಂಬಲ್ ಹುಡುಕಿ. ಇದರಲ್ಲಿ ಎರಡು ಕಡೆ ಮೋಸ ಹೋಗುತ್ತೀರಿ. ಬಫರೇ ಇಲ್ಲದ ಪುಟ್ಟ ಪ್ರೋಗ್ರಾಮಿನಲ್ಲಿ ಫ್ಲ್ಯಾಗ್ ಇದ್ದರೂ ಸಿಂಬಲ್ ಬರಲ್ಲ, ಅದು ದೋಷ ಅಲ್ಲ. ಸ್ಟ್ಯಾಟಿಕ್ ಬೈನರಿಯಲ್ಲಿ ಲೈಬ್ರರಿಯ ಕಡೆಯಿಂದಲೇ ಸಿಂಬಲ್ ಬಂದಿರಬಹುದು, ನಿಮ್ಮ ಕೋಡಿನಲ್ಲಿ ಒಂದೂ ಇಲ್ಲದಿದ್ದರೂ ಇದ್ದ ಹಾಗೆ ಕಾಣುತ್ತದೆ. ಸ್ಟ್ಯಾಟಿಕ್ ಆದರೆ ನಿಮ್ಮದೇ ಒಂದು ಆಬ್ಜೆಕ್ಟ್ ಫೈಲ್ ತೆಗೆದುಕೊಂಡು ನೋಡಿ, ಗ್ಯಾರಂಟಿ ಉತ್ತರ.

ಚೆಕ್‌ಸೆಕ್, ಡೆಬಿಯನ್ನಿನ ಹಾರ್ಡನಿಂಗ್-ಚೆಕ್ ಥರದ ಟೂಲ್‌ಗಳು ಇದನ್ನೇ ಒಟ್ಟಿಗೆ ಮಾಡುತ್ತವೆ. ಬಳಸಿ, ಆದರೆ ಒಂದು ಸಲ ಕೈಯಾರೆ ಮಾಡಿ ನೋಡಿದವರಿಗೆ ಆ ಟೂಲ್‌ನ ಹಸಿರು ಕೆಂಪಿನ ಅರ್ಥ ಬೇರೆ ಥರ ತಿಳಿಯುತ್ತದೆ.

ಬೋರ್ಡಿನ ಮೇಲೆ ಬೀಳಿಸಿ ನೋಡಿ

16 ಬೈಟಿನ ಒಂದು ಅರೇ ಇಟ್ಟು, ಆರ್ಗ್ಯುಮೆಂಟಿನಿಂದ ಬಂದ ಸಂಖ್ಯೆಯಷ್ಟು ಸಲ ಲೂಪಿನಲ್ಲಿ ಅದರೊಳಗೆ ಬರೆಯುವ ಪ್ರೋಗ್ರಾಂ ಮಾಡಿ, 100 ಕೊಟ್ಟು ಓಡಿಸಿ. "ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್" ಅಂತ ಹೇಳಿ ಸತ್ತರೆ ಕಾವಲುಗಾರ ಎಚ್ಚರ ಇದ್ದಾನೆ. ಬರೀ ಸೆಗ್ಮೆಂಟೇಶನ್ ಫಾಲ್ಟ್ ಬಂದರೆ ಇಲ್ಲ. ಲೂಪ್ ಬದಲು ಮೆಮ್‌ಸೆಟ್ ಬಳಸಿದರೆ ಫೋರ್ಟಿಫೈ ಮುಂಚೆಯೇ ಹಿಡಿದು "ಬಫರ್ ಓವರ್‌ಫ್ಲೋ ಡಿಟೆಕ್ಟೆಡ್" ಅನ್ನುತ್ತದೆ. ಎರಡೂ ಥರ ಬರೆದು ಎರಡನ್ನೂ ಪರೀಕ್ಷಿಸಿ.

ಪೈ ಇದ್ದರೂ ವಿಳಾಸ ಎಷ್ಟು ಕದಡುತ್ತದೆ ಅನ್ನುವುದು ಕರ್ನಲ್ ಕೈಯಲ್ಲಿದೆ. ಪ್ರಾಕ್, ಸಿಸ್, ವಿಎಂ ಕೆಳಗೆ ಎಂಮ್ಯಾಪ್_ಆರ್‌ಎನ್‌ಡಿ_ಬಿಟ್ಸ್ ಅನ್ನುವ ಫೈಲ್ ಓದಿ. 64 ಬಿಟ್ ಎಕ್ಸ್86ರಲ್ಲಿ ಅದು ಕನಿಷ್ಠ 28, ಅಂದರೆ 26 ಕೋಟಿಗೂ ಜಾಸ್ತಿ ಸಾಧ್ಯತೆ. ರಿಸ್ಕ್-ವಿ 64ರಲ್ಲಿ ಕನಿಷ್ಠ 18, ಗರಿಷ್ಠ 24. ಹದಿನೆಂಟು ಅಂದರೆ ಬರೀ 2,62,144. 32 ಬಿಟ್ ರಿಸ್ಕ್-ವಿಯಲ್ಲಿ ಕನಿಷ್ಠ 8, ಅಂದರೆ 256 ಊಹೆ, ಸರ್ವಿಸ್ ಬಿದ್ದ ತಕ್ಷಣ ತಾನೇ ಏಳುವ ಹಾಗಿದ್ದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಡೆಯಬಹುದು. 64 ಬಿಟ್ ರಿಸ್ಕ್-ವಿ ಆದರೆ ಆ ಫೈಲಿಗೆ 24 ಬರೆದುಬಿಡಿ, ಬೂಟ್ ಆದಾಗ ಸಿಸ್‌ಸಿಟಿಎಲ್‌ನಲ್ಲಿ ಬರುವ ಹಾಗೆ ಸೇರಿಸಿ. ಖರ್ಚಿಲ್ಲದ ಲಾಭ. ಮತ್ತೆ, ಇದನ್ನೆಲ್ಲ ನಿಜವಾದ ಬೋರ್ಡಿನ ಮೇಲೆ ನೋಡಿ. ಲ್ಯಾಪ್‌ಟಾಪಿನಲ್ಲಿ ಕ್ಯೂಎಂಯು ಎಮ್ಯುಲೇಟರಿನ ಯೂಸರ್ ಮೋಡಿನಲ್ಲಿ ಓಡಿಸಿದರೆ ಕೆಳಗಿರುವುದು ಎಕ್ಸ್86 ಕರ್ನಲ್, ಅದರ ಉತ್ತರ ಬೋರ್ಡಿನ ಉತ್ತರ ಅಲ್ಲ.

ಓಎಸ್ ಇಲ್ಲದ ಬೋರ್ಡಾದರೆ

ಸಿ-ಡ್ಯಾಕ್‌ನ ವೇಗಾ ಸರಣಿಯ ತೇಜಸ್32 ಚಿಪ್ ಇರುವ ಏರೀಸ್ ಬೋರ್ಡುಗಳು ಈಗ ಕಾಲೇಜು ಲ್ಯಾಬುಗಳಿಗೂ ಬರುತ್ತಿವೆ. ಅದು 32 ಬಿಟ್ ರಿಸ್ಕ್-ವಿ ಮೈಕ್ರೋಕಂಟ್ರೋಲರ್. ಲಿನಕ್ಸ್ ಇಲ್ಲ, ಹಾಗಾಗಿ ಪೈ, ರೆಲ್ರೋ ಮಾತು ಬಿಡಿ. ಆದರೆ ಸ್ಟ್ಯಾಕ್ ಪ್ರೊಟೆಕ್ಟರ್ ಇಲ್ಲೂ ಹಾಕಬಹುದು, ಅದಕ್ಕೆ ಎರಡು ವಸ್ತು ನೀವೇ ಒದಗಿಸಬೇಕು: ಸ್ಟ್ಯಾಕ್_ಸಿಎಚ್‌ಕೆ_ಗಾರ್ಡ್ ಅನ್ನುವ ವೇರಿಯೇಬಲ್, ಸ್ಟ್ಯಾಕ್_ಸಿಎಚ್‌ಕೆ_ಫೇಲ್ ಅನ್ನುವ ಫಂಕ್ಷನ್. ಎರಡರ ಹೆಸರಿನ ಮುಂದೆಯೂ ಎರಡೆರಡು ಅಂಡರ್‌ಸ್ಕೋರ್. ಫೇಲ್ ಫಂಕ್ಷನ್ ವಾಪಸ್ ಬರಬಾರದು, ಇಂಟರಪ್ಟ್ ಮುಚ್ಚಿ ರೀಸೆಟ್ ಮಾಡಿ ಸಾಕು. ಅಲ್ಲಿ ಯುಎಆರ್‌ಟಿಗೆ ಉದ್ದುದ್ದ ಸಂದೇಶ ಪ್ರಿಂಟ್ ಮಾಡಲು ಹೋಗಬೇಡಿ, ಸ್ಟ್ಯಾಕ್ ಕೆಟ್ಟಿದೆ ಅಂತ ತಾನೇ ಅಲ್ಲಿಗೆ ಬಂದದ್ದು.

ಗಾರ್ಡ್ ಸಂಖ್ಯೆಯನ್ನು ಸೋರ್ಸಿನಲ್ಲೇ ಬರೆದಿಡುವುದು ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ರ‍್ಯಾಂಡಮ್ ಸಂಖ್ಯೆ ಕೊಡುವ ಹಾರ್ಡ್‌ವೇರ್ ಇದ್ದರೆ ಬೂಟ್ ಹೊತ್ತಿನಲ್ಲಿ ಅದರಿಂದ ತುಂಬಿ. ತುಂಬುವ ಆ ಫಂಕ್ಷನ್ನಿಗೆ ನೋ_ಸ್ಟ್ಯಾಕ್_ಪ್ರೊಟೆಕ್ಟರ್ ಆಟ್ರಿಬ್ಯೂಟ್ ಹಾಕಿ, ಅದು ಜಿಸಿಸಿ 11ರಿಂದ ಇದೆ. ಮರೆತರೆ ಒಳಗೆ ಬರುವಾಗ ಹಳೇ ಸಂಖ್ಯೆ, ಹೊರಗೆ ಹೋಗುವಾಗ ಹೊಸ ಸಂಖ್ಯೆ, ಬೋರ್ಡ್ ಬೂಟ್ ಆಗುತ್ತಲೇ ರೀಸೆಟ್, ಮತ್ತೆ ಬೂಟ್, ಮತ್ತೆ ರೀಸೆಟ್. ಒಂದು ಭಾನುವಾರ ಪೂರ್ತಿ ನಾನು ಇದರಲ್ಲೇ ಕಳೆದಿದ್ದೇನೆ, ಪವರ್ ಸಪ್ಲೈ ಕೆಟ್ಟಿದೆ ಅಂತ ಎರಡು ಅಡಾಪ್ಟರ್ ಬದಲಾಯಿಸಿ ನೋಡಿದೆ.

ಬೋರ್ಡಿಗೆ ಇಡೀ ಲಿನಕ್ಸ್ ಕಟ್ಟಿಕೊಡುವ ಟೂಲ್‌ಗಳೂ ಇವೆ. ಅವುಗಳಲ್ಲಿ ಬಿಲ್ಡ್‌ರೂಟ್ ಬಳಸುವವರಿಗೆ ಇವೆಲ್ಲ ಬಿಲ್ಡ್ ಆಪ್ಶನ್ಸ್ ಮೆನುವಿನಲ್ಲೇ ಇದೆ. ಯಾವುದಾದರೂ ಆಯ್ಕೆ ಕಾಣದಿದ್ದರೆ ಟೂಲ್‌ಚೈನ್‌ನಲ್ಲಿ ಬೆಂಬಲ ಇಲ್ಲ ಅಂತ ಅರ್ಥ. ಯಾಕ್ಟೋದಲ್ಲಿ ಸೆಕ್ಯುರಿಟಿ_ಫ್ಲ್ಯಾಗ್ಸ್ ಅನ್ನುವ ಇನ್‌ಕ್ಲೂಡ್ ಫೈಲ್ ನಿಮ್ಮ ಡಿಸ್ಟ್ರೋ ಕಾನ್ಫಿಗ್‌ನಲ್ಲಿ ಸೇರಿದೆಯಾ ನೋಡಿ.

ಕೊನೇ ಕೆಲಸ, ರೀಡೆಲ್ಫ್ ನೋಟಗಳನ್ನೆಲ್ಲ ಒಂದು ಸ್ಕ್ರಿಪ್ಟ್ ಮಾಡಿ ಪ್ರತಿ ಬಿಲ್ಡ್ ಕೊನೆಗೆ ಓಡುವ ಹಾಗೆ ಸಿಐನಲ್ಲಿ (ಬಿಲ್ಡ್, ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ) ಹಾಕಿ, ಏನಾದರೂ ಇಲ್ಲದಿದ್ದರೆ ಬಿಲ್ಡ್ ಕೆಂಪಾಗಬೇಕು. ಹಾಕಿದ ಮೇಲೆ ಬೇಕಂತಲೇ ಎಲ್ಲ ಫ್ಲ್ಯಾಗ್ ತೆಗೆದು ಒಂದು ಸಲ ಬಿಲ್ಡ್ ಮಾಡಿ, ನಿಜವಾಗಿ ಕೆಂಪಾಗುತ್ತಾ ನೋಡಿ. ನಾನು ಬರೆದ ಮೊದಲ ಸ್ಕ್ರಿಪ್ಟ್ ಎರಡು ವಾರ ಅಚ್ಚ ಹಸಿರಾಗಿತ್ತು. ರಿಸ್ಕ್-ವಿ ಬಿಲ್ಡಿನ ಫೈಲುಗಳು ಬೇರೆ ಫೋಲ್ಡರಿಗೆ ಹೋಗುತ್ತಿದ್ದವು, ನನ್ನ ಲೂಪ್ ಖಾಲಿ ಫೋಲ್ಡರ್ ನೋಡಿ, ಒಂದು ಫೈಲನ್ನೂ ಮುಟ್ಟದೆ, ಎಲ್ಲ ಸರಿ ಇದೆ ಅಂತ ಪ್ರಿಂಟ್ ಮಾಡುತ್ತಿತ್ತು. ಈಗ ಅದರ ಮೊದಲ ಸಾಲೇ ಎಷ್ಟು ಫೈಲ್ ಸಿಕ್ಕಿತು ಅಂತ ಎಣಿಸುತ್ತದೆ, ಸೊನ್ನೆ ಬಂದರೆ ಅಲ್ಲೇ ನಿಲ್ಲುತ್ತದೆ.